ಟೈರ್ ಉಜ್ಜದಂತೆ ರಿಮ್ ಅಗಲ, ಆಫ್‌ಸೆಟ್ ಆರಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಾರಿನ ರಿಮ್ ಬದಲಿಸಲು ಹೊರಟವರು ಮಾತಿನಲ್ಲಿ, ಪತ್ರಗಳಲ್ಲಿ, ಕಮೆಂಟುಗಳಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಇವೇ. ಅವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು. ಆದರೆ ದುಡ್ಡು ಕೊಡುವ ಮೊದಲು ಲೆಕ್ಕದ ಭಾಗವನ್ನು ಮಾತ್ರ ಓದಿಬಿಡಿ.

## ಮೊದಲು ಇಷ್ಟು ಗೊತ್ತಿರಲಿ

ಆಫ್‌ಸೆಟ್ ಅಂತಾರಲ್ಲ, ಅದು ನಿಜಕ್ಕೂ ಏನು?

ರಿಮ್ಮಿನ ಅಗಲದ ನಟ್ಟನಡುವೆ ಒಂದು ಗೆರೆ ಎಳೆದಿದ್ದೇವೆ ಎಂದುಕೊಳ್ಳಿ. ರಿಮ್ಮಿನ ಹಿಂಬದಿಯಲ್ಲಿ ಹಬ್‌ಗೆ (ಕಾರಿನ ಕಡೆ ಚಕ್ರವನ್ನು ಬಿಗಿಯುವ ಭಾಗಕ್ಕೆ) ಒತ್ತಿ ಕೂರುವ ಚಪ್ಪಟೆ ಭಾಗ ಇದೆಯಲ್ಲ, ಅದು ಈ ನಡುಗೆರೆಯಿಂದ ಎಷ್ಟು ಮಿಲಿಮೀಟರ್ ದೂರದಲ್ಲಿದೆಯೋ ಅದೇ ಆಫ್‌ಸೆಟ್. ಆ ಚಪ್ಪಟೆ ಭಾಗ ನಡುಗೆರೆಗಿಂತ ಹೊರಗಡೆ, ಅಂದರೆ ರಸ್ತೆಯ ಕಡೆ ಇದ್ದರೆ ಪಾಸಿಟಿವ್. ಒಳಗಡೆ, ಇಂಜಿನ್ ಕಡೆ ಇದ್ದರೆ ನೆಗೆಟಿವ್. ಸರಿಯಾಗಿ ನಡುವೆಯೇ ಇದ್ದರೆ ಸೊನ್ನೆ.

ನೆನಪಿಡಬೇಕಾದ್ದು ಇಷ್ಟೇ: ಆಫ್‌ಸೆಟ್ ಜಾಸ್ತಿಯಾದಷ್ಟೂ ಚಕ್ರ ಒಳಕ್ಕೆ ಸರಿಯುತ್ತದೆ, ಕಡಿಮೆಯಾದಷ್ಟೂ ಹೊರಕ್ಕೆ ಬರುತ್ತದೆ. ತುಂಬಾ ಜನ ಇದನ್ನು ಉಲ್ಟಾ ಹಿಡಿದುಕೊಂಡಿರುತ್ತಾರೆ. ಈಗಿನ ಮುಂಚಕ್ರ ಚಾಲನೆಯ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 35ರಿಂದ 50ರವರೆಗೆ ಪಾಸಿಟಿವ್ ಆಫ್‌ಸೆಟ್ ಇರುತ್ತದೆ.

ರಿಮ್ ಹಿಂದೆ 7ಜೆ×16 ಇಟಿ45 ಅಂತ ಕೊರೆದಿದೆ. ಇದನ್ನ ಓದೋದು ಹೇಗೆ?

7 ಅಂದರೆ ರಿಮ್ಮಿನ ಅಗಲ, ಇಂಚುಗಳಲ್ಲಿ. ಟೈರಿನ ಎರಡು ಅಂಚುಗಳು ಕೂರುವ ಜಾಗಗಳ ನಡುವಿನ ಅಳತೆ ಇದು. ಟೇಪ್ ಹಿಡಿದು ಹೊರಗಿನಿಂದ ಹೊರಕ್ಕೆ ಅಳೆದರೆ ಸುಮಾರು 8 ಇಂಚು ಬರುತ್ತದೆ, ಏಕೆಂದರೆ ಎರಡೂ ಕಡೆ ಅಂಚಿನ ದಪ್ಪ ಸೇರುತ್ತದೆ. ಇದನ್ನು ನೋಡಿ ಗಾಬರಿ ಬೀಳುವವರಿದ್ದಾರೆ. ಜೆ ಎಂಬುದು ಆ ಅಂಚಿನ ಆಕಾರದ ಗುರುತು, ನಮ್ಮ ಲೆಕ್ಕಕ್ಕೆ ಬೇಡ. 16 ರಿಮ್ಮಿನ ವ್ಯಾಸ. ಇಟಿ45 ಅಂದರೆ ಆಫ್‌ಸೆಟ್ ಪಾಸಿಟಿವ್ 45 ಮಿ.ಮೀ.

ಟೈರ್ ಎಲ್ಲೆಲ್ಲಿ ತಾಗುತ್ತೆ?

ಒಳಗಡೆ ಸ್ಟ್ರಟ್ (ಶಾಕ್ ಅಬ್ಸಾರ್ಬರ್ ಇರುವ ಸಸ್ಪೆನ್ಷನ್ ಕಂಬ), ಸ್ಪ್ರಿಂಗ್ ಕೂರುವ ತಟ್ಟೆ, ಬ್ರೇಕ್ ಪೈಪ್, ಎಬಿಎಸ್ ವೈರ್ ಮತ್ತು ಚಕ್ರದ ಹಿಂದಿರುವ ಪ್ಲಾಸ್ಟಿಕ್ ಲೈನರ್. ಹೊರಗಡೆ ಮಡ್‌ಗಾರ್ಡಿನ ಮಡಚಿದ ಅಂಚು, ಬಂಪರ್ ಮತ್ತು ಮಡ್‌ಗಾರ್ಡ್ ಸೇರುವ ಮೂಲೆ, ಅಲ್ಲಿ ಲೈನರ್ ಹಿಡಿದಿರುವ ಸ್ಕ್ರೂ.

ಈ ಪಟ್ಟಿಯನ್ನು ಇನ್ನೊಂದು ರೀತಿಯಲ್ಲೂ ನೋಡಬೇಕು. ಸ್ಟ್ರಟ್ ಕೆಳಭಾಗ, ಬ್ರೇಕ್ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ಇವೆಲ್ಲ ಚಕ್ರದ ಜೊತೆಗೇ ಮೇಲೆ ಕೆಳಗೆ ಹೋಗುತ್ತವೆ, ಸ್ಟೇರಿಂಗ್ ತಿರುಗಿಸಿದರೆ ಜೊತೆಗೇ ತಿರುಗುತ್ತವೆ. ಹಾಗಾಗಿ ಕಾರು ನಿಂತಾಗ ಇರುವ ಗ್ಯಾಪ್ ಓಡುವಾಗಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮಡ್‌ಗಾರ್ಡ್, ಲೈನರ್, ಬಂಪರ್ ಹಾಗಲ್ಲ. ಅವು ಬಾಡಿಗೆ ಅಂಟಿಕೊಂಡಿವೆ, ಚಕ್ರ ಅವುಗಳ ಕಡೆಗೆ ನುಗ್ಗುತ್ತದೆ. ನಿಂತ ಕಾರಿನಲ್ಲಿ ಕೈಬೆರಳು ಧಾರಾಳವಾಗಿ ಹೋಗುವಷ್ಟು ಜಾಗ ಇದ್ದರೂ ಹಂಪ್ ಹಾರಿದಾಗ ತಾಗಬಹುದು.

ರಿಮ್ ಅಗಲ ಜಾಸ್ತಿ ಮಾಡಿದ್ರೆ ಹೊರಗಡೆಗೆ ಮಾತ್ರ ಬೆಳೆಯುತ್ತಾ?

ಇಲ್ಲ. ಆಫ್‌ಸೆಟ್ ಅದೇ ಇದ್ದರೆ ಎರಡೂ ಕಡೆ ಸಮನಾಗಿ ಬೆಳೆಯುತ್ತದೆ. ಒಂದು ಇಂಚು ಅಗಲ ಹೆಚ್ಚಿದರೆ ರಿಮ್ಮಿನ ಅಂಚು ಒಳಕ್ಕೆ 12.7, ಹೊರಕ್ಕೆ 12.7 ಮಿ.ಮೀ. "ಆಫ್‌ಸೆಟ್ ಕಂಪನಿಯದ್ದೇ ಇಟ್ಟಿದ್ದೀನಿ, ಆದ್ರೂ ಸ್ಟ್ರಟ್‌ಗೆ ತಾಗ್ತಿದೆ" ಎನ್ನುವವರಿಗೆ ಉತ್ತರ ಇದೇ.

## ಲೆಕ್ಕ ಮತ್ತು ಅಳತೆ

ನನ್ನ ಕಾರಿಗೆ ಯಾವ ಆಫ್‌ಸೆಟ್ ಸರಿ? ಒಂದು ನಂಬರ್ ಹೇಳಿಬಿಡಿ ಸಾಕು.

ಬರೀ ಆಫ್‌ಸೆಟ್ ಹೇಳಿದರೆ ಏನೂ ಹೇಳಿದಂತಾಗುವುದಿಲ್ಲ. ಎಷ್ಟು ಜಾಗ ಬೇಕು ಎಂದು ಹೇಳುವುದು ಅಗಲ. ಆ ಜಾಗವನ್ನು ಒಳಗೆಷ್ಟು ಹೊರಗೆಷ್ಟು ಎಂದು ಹಂಚುವುದಷ್ಟೇ ಆಫ್‌ಸೆಟ್‌ನ ಕೆಲಸ. ಒಟ್ಟು ಜಾಗವೇ ಸಾಲದಿದ್ದರೆ ಯಾವ ಆಫ್‌ಸೆಟ್ ಹಾಕಿದರೂ ಒಂದು ಕಡೆ ಉಜ್ಜಿಯೇ ಉಜ್ಜುತ್ತದೆ.

ಲೆಕ್ಕ ಸುಲಭ. ಅಗಲದ ಅರ್ಧಕ್ಕೆ ಆಫ್‌ಸೆಟ್ ಕೂಡಿಸಿದರೆ ಹಬ್‌ನಿಂದ ಒಳಗೆ ಎಷ್ಟು ಚಾಚಿದೆ ಎಂದು ಸಿಗುತ್ತದೆ. ಅಗಲದ ಅರ್ಧದಿಂದ ಆಫ್‌ಸೆಟ್ ಕಳೆದರೆ ಹೊರಗೆ ಎಷ್ಟು ಚಾಚಿದೆ ಎಂದು ಸಿಗುತ್ತದೆ. ಇಲ್ಲಿ ಅಗಲ ಅಂದರೆ ಯಾವುದು ಹೆಚ್ಚು ಉಬ್ಬಿದೆಯೋ ಅದು. ಮಾಮೂಲಿ ಜೋಡಣೆಯಲ್ಲಿ ಅದು ಟೈರಿನ ಹೊಟ್ಟೆಯೇ.

ಒಂದು ಕಾರಿನಲ್ಲಿ 6.5ಜೆ ಇಟಿ45 ರಿಮ್, 205/55 ಆರ್16 ಟೈರ್ ಇದೆ ಎನ್ನೋಣ. ಇಲ್ಲಿ 205 ಟೈರಿನ ಹೆಸರಿನ ಅಗಲ, ಮಿ.ಮೀ.ಗಳಲ್ಲಿ. 55 ಅಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 55. 16 ರಿಮ್ಮಿನ ವ್ಯಾಸ. ಆ ರಿಮ್ ಮೇಲೆ ಈ ಟೈರಿನ ಅಗಲ ತಯಾರಕರ ಕೋಷ್ಟಕದ ಪ್ರಕಾರ 214 ಮಿ.ಮೀ. ಅರ್ಧ 107. ಒಳಗೆ 107 + 45 = 152. ಹೊರಗೆ 107 − 45 = 62. ಈಗ 7.5ಜೆ ಇಟಿ35 ರಿಮ್ ಮೇಲೆ 225/45 ಆರ್17 ಹಾಕುವ ಆಸೆ. ಕೋಷ್ಟಕದ ಅಗಲ 225, ಅರ್ಧ 112.5. ಒಳಗೆ 147.5, ಹೊರಗೆ 77.5. ಅಂದರೆ ಒಳಗಡೆ 4.5 ಮಿ.ಮೀ. ಜಾಗ ಬಿಡುವಾಯಿತು, ಹೊರಗಡೆ 15.5 ಮಿ.ಮೀ. ಮುಂದಕ್ಕೆ ಬಂತು.

ಇದನ್ನೇ ತಿರುವಿ ಹಾಕಿದರೆ ನಿಮ್ಮ ನಂಬರ್ ಸಿಗುತ್ತದೆ. ಅಳೆದು ನೋಡಿ, ಬಿಡಬೇಕಾದ ಗ್ಯಾಪ್ ಬಿಟ್ಟ ಮೇಲೆ ಒಳಗೆ 4, ಹೊರಗೆ 10 ಮಿ.ಮೀ. ಉಳಿಯಿತು ಎನ್ನಿ. ಒಳಗಿನ ಚಾಚು 156 ದಾಟಬಾರದು, ಹಾಗಾಗಿ ಆ 225ರ ಟೈರ್‌ಗೆ ಆಫ್‌ಸೆಟ್ 43.5ಕ್ಕಿಂತ ಹೆಚ್ಚಿರಬಾರದು. ಹೊರಗಿನ ಚಾಚು 72 ದಾಟಬಾರದು, ಹಾಗಾಗಿ 40.5ಕ್ಕಿಂತ ಕಡಿಮೆ ಆಗಬಾರದು. ಇಟಿ41ರಿಂದ ಇಟಿ43ರ ಒಳಗಿನದು ಹುಡುಕಿ. ಅದೇ ಕಾರಿಗೆ 8.5ಜೆ ರಿಮ್ ಮೇಲೆ 245ರ ಟೈರ್ ಬೇಕು ಎಂದರೆ? ಅಗಲ ಸುಮಾರು 248 ಆಗುತ್ತದೆ, ಮೊದಲಿಗಿಂತ 34 ಮಿ.ಮೀ. ಜಾಸ್ತಿ. ಇರುವ ಜಾಗ ಒಟ್ಟು 14. ಇಲ್ಲಿ ಆಫ್‌ಸೆಟ್ ಹುಡುಕುತ್ತಾ ಕೂರುವುದು ಸುಮ್ನೆ ಸಮಯ ವ್ಯರ್ಥ.

ಈಗಿರುವ ಗ್ಯಾಪ್ ಅಳೆಯೋದು ಹೇಗೆ? ಜಾಕ್ ಹಾಕಬೇಕಾ?

ಮೊದಲು ಜಾಕ್ ಬೇಡ. ಕಾರು ಸಮತಟ್ಟಾದ ನೆಲದಲ್ಲಿ, ತನ್ನ ಭಾರದಲ್ಲೇ ನಿಂತಿರಲಿ. ಜಾಕ್ ಹಾಕಿದರೆ ಚಕ್ರ ಜೋತುಬೀಳುತ್ತದೆ, ಗ್ಯಾಪ್ ಸುಳ್ಳು ಹೇಳುತ್ತದೆ.

ಹೊರಗಡೆಗೆ ಒಂದು ದಾರಕ್ಕೆ ನಟ್ ಕಟ್ಟಿ ಮಡ್‌ಗಾರ್ಡ್ ಅಂಚಿನಿಂದ ಇಳಿಬಿಡಿ. ದಾರದಿಂದ ಟೈರಿನ ಅತಿ ಉಬ್ಬಿದ ಜಾಗಕ್ಕೆ ಸ್ಕೇಲ್ ಹಿಡಿಯಿರಿ. ಮಡ್‌ಗಾರ್ಡ್ ಅಂಚು ಒಳಕ್ಕೆ ಮಡಚಿರುತ್ತದೆ, ಅದರ ಅಗಲವನ್ನೂ ಬೆರಳಿಟ್ಟು ನೋಡಿ ಕಳೆಯಿರಿ. ಟೈರ್ ಮೊದಲು ತಾಗುವುದು ಆ ಮಡಿಕೆಗೇ. ಒಳಗಡೆಗೆ ಸ್ಟೇರಿಂಗ್ ತುಸು ತಿರುಗಿಸಿ, ಟಾರ್ಚ್ ಬಿಟ್ಟುಕೊಂಡು ಸ್ಟ್ರಟ್ ಮತ್ತು ಟೈರ್ ನಡುವೆ ಎಷ್ಟು ದಪ್ಪದ ಡ್ರಿಲ್ ಬಿಟ್ ಅಥವಾ ಅಲೆನ್ ಕೀ ನುಸುಳುತ್ತದೆ ನೋಡಿ. ಇಕ್ಕಟ್ಟಿನಲ್ಲಿ ಸ್ಕೇಲ್‌ಗಿಂತ ಇದೇ ನಂಬಿಕೆಗೆ ಅರ್ಹ.

ಆಮೇಲೆ ಸ್ಟೇರಿಂಗನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ಲೈನರ್ ಮತ್ತು ಬಂಪರ್ ಮೂಲೆಯ ಗ್ಯಾಪ್ ಬರೆದುಕೊಳ್ಳಿ. ನಾಲ್ಕೂ ಚಕ್ರಕ್ಕೆ ಬೇರೆ ಬೇರೆ ಬರೆಯಿರಿ. ಎಡಬಲ ಒಂದೇ ಇರುತ್ತದೆ ಎಂದು ಊಹಿಸಬೇಡಿ.

ಎಷ್ಟು ಗ್ಯಾಪ್ ಇದ್ರೆ ಸೇಫ್?

ಚಕ್ರದ ಜೊತೆಗೇ ಚಲಿಸುವ ಸ್ಟ್ರಟ್‌ನಂಥ ಭಾಗಕ್ಕೆ 5 ಮಿ.ಮೀ. ಬಿಡಿ. 3 ಇದ್ದರೂ ನಡೆಯುತ್ತದೆ ಎನ್ನುವವರಿದ್ದಾರೆ. ತಿರುವಿನಲ್ಲಿ ಟೈರ್ ಪಕ್ಕಕ್ಕೆ ಬಾಗುತ್ತದೆ ಎಂಬುದನ್ನು ನೆನೆದರೆ ನಾನಂತೂ ಅಷ್ಟು ಜಿಪುಣತನ ಮಾಡುವುದಿಲ್ಲ. ಬಾಡಿಗೆ ಸೇರಿದ ಲೈನರ್, ಬಂಪರ್‌ಗೆ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ 10 ಮಿ.ಮೀ.ಗಿಂತ ಹೆಚ್ಚು ಇರಲಿ. ಮಡ್‌ಗಾರ್ಡ್ ಅಂಚಿನ ವಿಷಯದಲ್ಲಿ ನಿಂತಾಗಿನ ಗ್ಯಾಪ್ ನೋಡಿ ತೀರ್ಮಾನಿಸಲು ಆಗದು. ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ 5 ಮಿ.ಮೀ. ಉಳಿಯಬೇಕು.

ಹಳೆ ರಿಮ್ ಸಿಕ್ಕಿದೆ, ಅದರ ಮೇಲೆ ಆಫ್‌ಸೆಟ್ ಬರೆದೇ ಇಲ್ಲ. ಕಂಡುಹಿಡಿಯೋದು ಹೇಗೆ?

ಟೈರ್ ಇಲ್ಲದ ರಿಮ್ಮನ್ನು ಮುಖ ಕೆಳಗೆ ಮಾಡಿ ಮಲಗಿಸಿ. ಹಿಂಬದಿಯ ಅಂಚುಗಳ ಮೇಲೆ ನೇರವಾದ ಪಟ್ಟಿ ಅಡ್ಡ ಇಡಿ. ಪಟ್ಟಿಯ ಕೆಳಗಿನಿಂದ ಹಬ್ ಕೂರುವ ಚಪ್ಪಟೆ ಭಾಗಕ್ಕೆ ಎಷ್ಟು ಆಳ ಇದೆ ಅಳೆಯಿರಿ. ಇದನ್ನು ಬ್ಯಾಕ್‌ಸ್ಪೇಸಿಂಗ್ ಎನ್ನುತ್ತಾರೆ. ಅದರಿಂದ ರಿಮ್ಮಿನ ಹೊರ ಅಗಲದ ಅರ್ಧ ಕಳೆದರೆ ಆಫ್‌ಸೆಟ್. ಉದಾಹರಣೆಗೆ ಹೊರ ಅಗಲ 203 ಮಿ.ಮೀ., ಆಳ 146. ಅರ್ಧ 101.5. ಉಳಿಯುವುದು 44.5, ಅಂದರೆ ಇಟಿ45ರ ರಿಮ್. ಉತ್ತರ ಮೈನಸ್ ಬಂದರೆ ನೆಗೆಟಿವ್ ಆಫ್‌ಸೆಟ್.

ಆಫ್‌ಸೆಟ್ ಸರಿಹೊಂದಿದ್ರೆ ರಿಮ್ ಕೂರುತ್ತೆ ಅಂತ ಲೆಕ್ಕವಾ?

ಅಲ್ಲ. ಬೋಲ್ಟ್ ತೂತುಗಳ ವೃತ್ತ, ಅಂದರೆ ಪಿಸಿಡಿ, ಕರಾರುವಾಕ್ಕಾಗಿ ಹೊಂದಬೇಕು. 5×112 ಮತ್ತು 5×114.3 ನೋಡಲು ಹತ್ತಿರ, ಆದರೆ ಒಂದರ ಮೇಲೆ ಇನ್ನೊಂದನ್ನು ಬಿಗಿಯುವ ಹುಚ್ಚು ಬೇಡ. ನಡುವಿನ ತೂತು ಹಬ್‌ಗಿಂತ ಚಿಕ್ಕದಾದರೆ ರಿಮ್ ಕೂರುವುದೇ ಇಲ್ಲ. ದೊಡ್ಡದಾದರೆ ಸೆಂಟರ್ ರಿಂಗ್ ಹಾಕಿಕೊಳ್ಳಿ, ಇಲ್ಲದಿದ್ದರೆ ಸ್ಟೇರಿಂಗ್ ಅದುರುವ ಸಾಧ್ಯತೆ ಇದೆ. ನಟ್‌ನ ಕೂರು ಮುಖ ಕೋನ್ ಆಕಾರವೋ ಗುಂಡಗಿದೆಯೋ ಅದೂ ರಿಮ್‌ಗೆ ಹೊಂದಬೇಕು.

## ಟೈರಿನ ಪಾಲು

205 ತೆಗೆದು 225 ಹಾಕಿದ್ರೆ 20 ಮಿ.ಮೀ. ಜಾಸ್ತಿ. ಆ ಕಡೆ 10, ಈ ಕಡೆ 10. ಅಷ್ಟೇ ಅಲ್ವಾ?

ಅಷ್ಟು ಸರಳವಿಲ್ಲ. ಟೈರ್ ಮೇಲೆ ಬರೆದ ಅಗಲ ಒಂದು ಹೆಸರು ಮಾತ್ರ ಎಂದುಕೊಳ್ಳಿ. ನಿಜವಾದ ಅಗಲ ಅದು ಯಾವ ರಿಮ್ ಮೇಲೆ ಕೂತಿದೆ ಎಂಬುದರ ಮೇಲೆ ಹೋಗುತ್ತದೆ. 205/55 ಆರ್16 ಟೈರನ್ನು 6.5 ಇಂಚಿನ ರಿಮ್ ಮೇಲೆ ಅಳೆದರೆ ಕೋಷ್ಟಕದ ಪ್ರಕಾರ 214. 225/45 ಆರ್17 ಅನ್ನು 7.5 ಇಂಚಿನ ಮೇಲೆ ಅಳೆದರೆ 225. ಹೆಸರಿನಲ್ಲಿ 20 ವ್ಯತ್ಯಾಸ, ಅಳತೆಯಲ್ಲಿ 11.

ಅದೇ ಟೈರನ್ನು ಅರ್ಧ ಇಂಚು ಹೆಚ್ಚು ಅಗಲದ ರಿಮ್ ಮೇಲೆ ಹಾಕಿದರೆ ಸುಮಾರು 5 ಮಿ.ಮೀ. ಅಗಲವಾಗುತ್ತದೆ. ಕಿರಿದಾದ ರಿಮ್ ಮೇಲೆ ಹಾಕಿದರೆ ಅಷ್ಟೇ ಕಡಿಮೆಯಾಗುತ್ತದೆ. ಟೈರ್ ತಯಾರಕರ ಕೋಷ್ಟಕದಲ್ಲಿ ಅಳತೆಯ ರಿಮ್ ಯಾವುದು, ಅದರ ಮೇಲೆ ಅಗಲ ಎಷ್ಟು ಎಂದು ಕೊಟ್ಟಿರುತ್ತಾರೆ. ಅಲ್ಲಿಂದ ಶುರು ಮಾಡಿ.

ಎಷ್ಟು ಅಗಲದ ರಿಮ್‌ಗೆ ಯಾವ ಟೈರ್ ಹಾಕಬಹುದು?

ಪ್ರತಿ ಸೈಜ್‌ಗೂ ಒಪ್ಪಿಗೆ ಇರುವ ರಿಮ್ ಅಗಲದ ಮಿತಿ ಇದೆ. 195/65 ಆರ್15ಕ್ಕೆ 5.5ರಿಂದ 7 ಇಂಚು. 205/55 ಆರ್16ಕ್ಕೆ 5.5ರಿಂದ 7.5. 225/45 ಆರ್17ಕ್ಕೆ 7ರಿಂದ 8.5. ಮಿತಿಯ ನಡುವಿನ ಅಗಲ ಆರಿಸಿದರೆ ತಲೆನೋವು ಕಡಿಮೆ. ಜಾಗ ಸಾಲದು ಎಂದು ಅಗಲದ ರಿಮ್‌ಗೆ ಕಿರಿದಾದ ಟೈರನ್ನು ಎಳೆದು ಕೂರಿಸುವ ಶೋಕಿ ಇದೆ. ಟೈರ್ ಮಡ್‌ಗಾರ್ಡ್‌ಗೆ ತಾಗದಿರಬಹುದು, ಆದರೆ ಗುಂಡಿಗೆ ಬಿದ್ದಾಗ ಅಂಚು ರಿಮ್ಮಿನಿಂದ ಜಾರಿ ಗಾಳಿ ಹೋಗುವ ಅಪಾಯ ಇದೆ, ರಿಮ್ಮಿನ ಅಂಚಿಗೂ ಕಾಪು ಇರುವುದಿಲ್ಲ. ನನ್ನ ಪ್ರಕಾರ ಅದು ಪರಿಹಾರ ಅಲ್ಲವೇ ಅಲ್ಲ.

ಅಗಲ ಅದೇ ಇಟ್ಟು ಎತ್ತರ ಮಾತ್ರ ಜಾಸ್ತಿ ಮಾಡಿದ್ರೆ?

ಎತ್ತರ ಹೆಚ್ಚಾದರೆ ಟೈರ್ ಮುಂದಕ್ಕೂ ಹಿಂದಕ್ಕೂ ಮೇಲಕ್ಕೂ ಬೆಳೆಯುತ್ತದೆ. 205/55 ಆರ್16ರ ವ್ಯಾಸ ಸುಮಾರು 632 ಮಿ.ಮೀ. 225/45 ಆರ್17 ಸುಮಾರು 634, ಲೆಕ್ಕಕ್ಕಿಲ್ಲದಷ್ಟು ವ್ಯತ್ಯಾಸ. ಆದರೆ 225/50 ಆರ್17 ಹಾಕಿದರೆ 657. ಸುತ್ತಲೂ 12 ಮಿ.ಮೀ.ಗಿಂತ ಹೆಚ್ಚು ಬೆಳೆದಂತಾಯಿತು. ಇದನ್ನು ಯಾವ ಆಫ್‌ಸೆಟ್‌ನಿಂದಲೂ ಮುಚ್ಚಿಹಾಕಲು ಆಗದು. ಬಂಪರ್ ಮೂಲೆಗೆ, ಲೈನರ್‌ಗೆ ತಾಗುವುದು ಹೆಚ್ಚಾಗಿ ಎತ್ತರದ ತಪ್ಪು, ಅಗಲದ್ದಲ್ಲ. ಮೂಲ ವ್ಯಾಸದಿಂದ ಶೇ. 3ರ ಒಳಗೆ ಇರಿ ಎಂಬುದು ರೂಢಿಯ ಮಾತು. ಸ್ಪೀಡೋಮೀಟರ್‌ಗೂ ಒಳ್ಳೆಯದು.

ಸೈಜ್ ಅದೇ, ರಿಮ್ ಅದೇ. ಹೊಸ ಟೈರ್ ಹಾಕಿದ ಮೇಲೆ ಮಾತ್ರ ಉಜ್ಜೋಕೆ ಶುರುವಾಯ್ತು. ಹೇಗೆ ಸಾಧ್ಯ?

ಸಾಧ್ಯ. ಹೊಸ ಟೈರಿನ ಗುಂಡಿಗಳ ಆಳ ಸುಮಾರು 8 ಮಿ.ಮೀ. ನೀವು ತೆಗೆದ ಹಳೆಯದು ಸವೆದು 2 ಮಿ.ಮೀ.ಗೆ ಬಂದಿದ್ದರೆ ಹೊಸದು ಸುತ್ತಲೂ 6 ಮಿ.ಮೀ. ಎತ್ತರ. ಜೊತೆಗೆ ಒಂದೇ ಸೈಜಿನ ಎರಡು ಕಂಪನಿ ಟೈರುಗಳ ಭುಜ (ನೆಲಕ್ಕೆ ತಾಗುವ ಭಾಗ ಪಕ್ಕಕ್ಕೆ ತಿರುಗುವ ಅಂಚು) ಒಂದೇ ಥರ ಇರುವುದಿಲ್ಲ. ಕೆಲವು ದುಂಡಗೆ ಇಳಿದಿರುತ್ತವೆ, ಕೆಲವು ಚೌಕಾಕಾರ. ರಿಮ್ಮಿನ ಅಂಚು ಕಾಯಲು ಕೆಲವು ಟೈರುಗಳಿಗೆ ರಬ್ಬರಿನ ಉಬ್ಬು ಬೇರೆ ಇರುತ್ತದೆ. ಸವೆದ ಟೈರ್ ಇಟ್ಟುಕೊಂಡು ಗ್ಯಾಪ್ ಅಳೆಯುವವರು ಈ 6 ಮಿ.ಮೀ.ಯನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

## ಈಗಾಗಲೇ ಉಜ್ಜುತ್ತಿದ್ದರೆ

ಝರ್ ಅಂತ ಶಬ್ದ ಬರುತ್ತೆ, ಆದ್ರೆ ಎಲ್ಲಿ ತಾಗ್ತಿದೆ ಅಂತ ಗೊತ್ತಾಗ್ತಿಲ್ಲ.

ಟೈರನ್ನೇ ಕೇಳಿ. ಧೂಳು ಹಿಡಿದ ಲೈನರ್ ಮಂಕಾಗಿರುತ್ತದೆ. ಉಜ್ಜಿದ ಜಾಗ ಮಾತ್ರ ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. ಜಾಸ್ತಿ ಉಜ್ಜಿದ್ದರೆ ಪ್ಲಾಸ್ಟಿಕ್ ಕರಗಿ ಅಂಚಿನಲ್ಲಿ ಸಣ್ಣ ಸುರುಳಿಯಾಗಿ ನಿಂತಿರುತ್ತದೆ. ಟೈರಿನ ಮೇಲೂ ಗುರುತು ಇರುತ್ತದೆ. ಹೊರಭುಜದ ಮೇಲೆ ಸುತ್ತಲೂ ತೆಳ್ಳನೆಯ ಗೆರೆ ಇದ್ದರೆ ಮಡ್‌ಗಾರ್ಡ್. ಒಳಪಕ್ಕದಲ್ಲಿ ನುಣುಪಾದ ಪಟ್ಟಿ ಇದ್ದರೆ ಸ್ಟ್ರಟ್.

ಗುರುತು ಕಾಣದಿದ್ದರೆ ಮಕ್ಕಳು ಆಡುವ ಬಣ್ಣದ ಕ್ಲೇ ತನ್ನಿ. ಅನುಮಾನ ಇರುವ ಜಾಗಗಳಲ್ಲಿ ಹೆಬ್ಬೆರಳಿನಷ್ಟು ಉಂಡೆ ಅಂಟಿಸಿ, ಖಾಲಿ ಜಾಗದಲ್ಲಿ ನಿಧಾನಕ್ಕೆ ಸ್ಟೇರಿಂಗ್ ಪೂರ್ತಿ ತಿರುಗಿಸಿ ಮುಂದೆ ಹೋಗಿ, ಹಿಂದೆ ಬನ್ನಿ. ಹಿಂದೆ ಬರುವುದನ್ನು ಬಿಡಬೇಡಿ, ಕೆಲವು ಕಾರುಗಳು ರಿವರ್ಸ್‌ನಲ್ಲಿ ಮಾತ್ರ ತಾಗುತ್ತವೆ. ಆಮೇಲೆ ಒಂದು ಮುಂಚಕ್ರವನ್ನು ಎತ್ತರದ ಅಂಚಿನ ಮೇಲೆ ಹತ್ತಿಸಿ ಮತ್ತೆ ತಿರುಗಿಸಿ. ಆ ಮೂಲೆಯ ಸಸ್ಪೆನ್ಷನ್ ಕುಗ್ಗುತ್ತದೆ. ಕೊನೆಗೆ ಉಂಡೆಗಳನ್ನು ಬಿಡಿಸಿ ನೋಡಿ. ಚಪ್ಪಟೆಯಾಗಿ ಉಳಿದ ಕ್ಲೇ ಎಷ್ಟು ದಪ್ಪವಿದೆಯೋ ಅಲ್ಲಿ ಅಷ್ಟೇ ಗ್ಯಾಪ್ ಇದೆ. ತೂತು ಬಿದ್ದು ಕೆಳಗಿನ ಲೋಹ ಕಂಡರೆ ಅಲ್ಲೇ ಉಜ್ಜುತ್ತಿರುವುದು. ಬ್ರೇಕ್ ಪೈಪ್ ಹತ್ತಿರ ಅಂಟಿಸಿದ್ದನ್ನು ತೆಗೆಯಲು ಮರೆಯಬೇಡಿ.

ಹಿಂದೆ ಮೂರು ಜನ ಕೂತಾಗ ಮಾತ್ರ ತಾಗುತ್ತೆ. ಇದಕ್ಕೆ ಆಫ್‌ಸೆಟ್ ಕಾರಣನಾ?

ಹೆಚ್ಚಾಗಿ ಹೌದು. ಹಿಂಚಕ್ರ ಹೊರಗೆ ಬಂದಿದೆ, ಭಾರಕ್ಕೆ ಬಾಡಿ ಇಳಿದಾಗ ಮಡ್‌ಗಾರ್ಡ್ ಅಂಚು ಟೈರಿನ ಭುಜದ ಮೇಲೆ ಬರುತ್ತಿದೆ. ಹಿಂದೆ ಟಾರ್ಷನ್ ಬೀಮ್ (ಎರಡೂ ಹಿಂಚಕ್ರಗಳನ್ನು ಜೋಡಿಸುವ ಒಂದೇ ತೊಲೆ) ಇರುವ ಕಾರುಗಳಲ್ಲಿ ಇದು ಮಾಮೂಲು. ಅವುಗಳಲ್ಲಿ ಚಕ್ರ ಬಹುತೇಕ ನೇರವಾಗಿಯೇ ಮೇಲೆ ಬರುತ್ತದೆ. ಮಲ್ಟಿಲಿಂಕ್ (ಪ್ರತಿ ಚಕ್ರಕ್ಕೂ ಬೇರೆ ಬೇರೆ ಹಲವು ತೋಳುಗಳು) ಇರುವ ಕಾರುಗಳಲ್ಲಿ ಕುಗ್ಗುವಾಗ ಚಕ್ರದ ತಲೆ ಸಾಮಾನ್ಯವಾಗಿ ಒಳಕ್ಕೆ ವಾಲುತ್ತದೆ, ಅದರಿಂದ ತುಸು ಉಸಿರಾಡಲು ಜಾಗ ಸಿಗುತ್ತದೆ. ಸ್ಪ್ರಿಂಗ್ ಹಳೆಯದಾಗಿ ಕುಸಿದಿದ್ದರೂ ಹೀಗೇ ಆಗುತ್ತದೆ, ಅದನ್ನೂ ಒಮ್ಮೆ ನೋಡಿಸಿ.

ಸ್ವಲ್ಪ ಉಜ್ಜಿದ್ರೆ ಏನಾಗುತ್ತೆ? ತಾನಾಗೇ ಸವೆದು ಸರಿಹೋಗುತ್ತೆ ಅಂತಾರೆ.

ಪ್ಲಾಸ್ಟಿಕ್ ಲೈನರ್‌ಗೆ ರಿವರ್ಸ್‌ನಲ್ಲಿ ಎಂದಾದರೊಮ್ಮೆ ಸವರಿದರೆ ಅದು ಕಿರಿಕಿರಿ, ಅಪಾಯ ಅಲ್ಲ. ಲೋಹಕ್ಕೆ ತಾಗುತ್ತಿದ್ದರೆ ಗಾಡಿ ನಿಲ್ಲಿಸಿ. ಟೈರಿನ ಪಕ್ಕದ ಗೋಡೆ ನೆಲಕ್ಕೆ ತಾಗುವ ಭಾಗಕ್ಕಿಂತ ತೆಳು. ಅದರೊಳಗಿನ ನೂಲು ತುಂಡಾದರೆ ಟೈರ್ ಒಡೆಯಬಹುದು, ಅದೂ ವೇಗದಲ್ಲಿ ಇರುವಾಗ. ಗೆರೆ ಆಳವಾಗಿದ್ದರೆ, ನೂಲು ಕಂಡರೆ, ಪಕ್ಕ ಉಬ್ಬಿದ್ದರೆ ಟೈರ್ ಬದಲಿಸಲೇಬೇಕು. ಬ್ರೇಕ್ ಪೈಪ್‌ಗೆ ತಾಗುತ್ತಿದ್ದರೆ ಅಂಗಡಿಯವರೆಗೂ ಓಡಿಸಿಕೊಂಡು ಹೋಗಬೇಡಿ.

ಎಡಗಡೆ ಮಾತ್ರ ತಾಗುತ್ತೆ, ಬಲಗಡೆ ಇಲ್ಲ. ಯಾಕೆ?

ಯಾವ ಕಾರಿನ ಬಾಡಿಯೂ ಎರಡೂ ಕಡೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಇರುವುದಿಲ್ಲ. ಕೆಲವು ಮಿ.ಮೀ. ಫರಕು ಸಹಜ. ಅದಕ್ಕಿಂತ ಜಾಸ್ತಿ ಇದ್ದರೆ ಹಿಂದೆಂದೋ ಗುದ್ದಿದ್ದ ಮಡ್‌ಗಾರ್ಡ್, ಬಾಗಿದ ಆರ್ಮ್, ಸರಿದ ಸಬ್‌ಫ್ರೇಮ್ ಇವುಗಳನ್ನು ಅನುಮಾನಿಸಿ. ವೀಲ್ ಅಲೈನ್‌ಮೆಂಟ್ ಚೀಟಿಯಲ್ಲಿ ಎಡಬಲ ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ತುಂಬಾ ಬೇರೆ ಬೇರೆ ಇದ್ದರೆ ರಿಮ್ಮನ್ನು ದೂರುವ ಮೊದಲು ಅದನ್ನು ಸರಿಮಾಡಿಸಿ.

ಒಳಗಡೆ ತಾಗ್ತಿದೆ. ಸ್ಪೇಸರ್ ಹಾಕಿದ್ರೆ ಮುಗೀತಾ?

ಒಳಗೆ ಬೇಕಾದ್ದು 3 ಅಥವಾ 5 ಮಿ.ಮೀ. ಆದರೆ, ಹೊರಗೆ ಅಷ್ಟು ಜಾಗ ಇದ್ದರೆ, ಒಳ್ಳೆಯ ಸ್ಪೇಸರ್ (ಹಬ್ ಮತ್ತು ರಿಮ್ ನಡುವೆ ಇಡುವ ತಟ್ಟೆ) ತಪ್ಪಲ್ಲ. ಇಟಿ45ರ ರಿಮ್‌ಗೆ 5 ಮಿ.ಮೀ. ಸ್ಪೇಸರ್ ಹಾಕಿದರೆ ಇಟಿ40 ಆದಂತೆ. ನೋಡಬೇಕಾದ್ದು ಥ್ರೆಡ್. ಸ್ಪೇಸರ್ ದಪ್ಪವಾದಷ್ಟೂ ನಟ್ ಹಿಡಿಯುವ ಥ್ರೆಡ್ ಕಡಿಮೆಯಾಗುತ್ತದೆ. ಸ್ಟಡ್‌ನ ದಪ್ಪದಷ್ಟಾದರೂ ಉದ್ದ ನಟ್‌ನೊಳಗೆ ಕಚ್ಚಿರಬೇಕು. 12 ಮಿ.ಮೀ. ಸ್ಟಡ್, 1.5ರ ಥ್ರೆಡ್ ಆದರೆ ಕೈಯಲ್ಲಿ ತಿರುಗಿಸುವಾಗ 8 ಸುತ್ತು ಸಿಗಬೇಕು. ಸಿಗದಿದ್ದರೆ ಉದ್ದದ ಸ್ಟಡ್ ಅಥವಾ ಬೋಲ್ಟ್ ಹಾಕಿಸಿ. ಸ್ಪೇಸರ್ ಹಬ್‌ನ ಮೂತಿಯನ್ನು ಮುಚ್ಚಿಬಿಟ್ಟರೆ ರಿಮ್ ಕೂರಲು ಆಧಾರ ಇರುವುದಿಲ್ಲ, ಹಾಗಾಗಿ ತನ್ನದೇ ಮೂತಿ ಇರುವ ಹಬ್‌ಸೆಂಟ್ರಿಕ್ ಸ್ಪೇಸರ್ ಕೇಳಿ. ವಾಷರ್ ಜೋಡಿಸಿ ಕೆಲಸ ಸಾಗಿಸುವವರ ಹತ್ತಿರ ಗಾಡಿ ಬಿಡಬೇಡಿ.

ಮಡ್‌ಗಾರ್ಡ್ ಅಂಚನ್ನ ಮಡಚಿಸಬಹುದಾ?

ಮಡಚಿಸಬಹುದು, ಕತ್ತರಿಸಬೇಡಿ. ಬಣ್ಣವನ್ನು ಹೀಟ್ ಗನ್‌ನಿಂದ ಬಿಸಿಮಾಡಿಕೊಂಡು ನಿಧಾನಕ್ಕೆ ಒತ್ತಬೇಕು, ತಣ್ಣಗಿರುವಾಗ ಒತ್ತಿದರೆ ಬಣ್ಣ ಸೀಳುತ್ತದೆ, ಆ ಸೀಳಿನಿಂದ ತುಕ್ಕು. ಹಿಂದಿನ ಮಡ್‌ಗಾರ್ಡ್‌ನಲ್ಲಿ ಒಳ ಹೊರ ಎರಡು ತಗಡು ಬೆಸೆದಿರುತ್ತವೆ. ಅದನ್ನು ಕತ್ತರಿಸಿದರೆ ಬೆಸುಗೆಯೇ ಬಿಟ್ಟುಹೋಗಿ ನೀರು ಒಳಗೆ ಇಳಿಯುತ್ತದೆ.

## ಇನ್ನೂ ಆಳಕ್ಕೆ

ಆಫ್‌ಸೆಟ್ ಕಡಿಮೆ ಮಾಡಿ ಒಳಗಿನ ತೊಂದರೆ ಹೋಯ್ತು. ಈಗ ಸ್ಟೇರಿಂಗ್ ತಿರುಗಿಸಿದಾಗ ಬಂಪರ್‌ಗೆ ತಾಗ್ತಿದೆ. ಇದೇನು ಹೊಸ ಕಾಟ?

ಚಕ್ರ ತನ್ನ ನಡುವಿನಲ್ಲೇ ನಿಂತು ತಿರುಗುವುದಿಲ್ಲ. ಅದರ ತಿರುಗುವ ಅಕ್ಷ ಒಳಗಡೆ, ಸ್ಟ್ರಟ್ ಮತ್ತು ಕೆಳಗಿನ ಬಾಲ್ ಜಾಯಿಂಟ್ ಸೇರುವ ಗೆರೆಯಲ್ಲಿದೆ. ಬಾಗಿಲು ಕೀಲಿನ ಮೇಲೆ ತಿರುಗುವಂತೆ. ಚಕ್ರವನ್ನು ಕೀಲಿನಿಂದ ದೂರ ತಳ್ಳಿದಷ್ಟೂ ಟೈರಿನ ಹೊರ ಅಂಚು ದೊಡ್ಡ ಕಮಾನು ಬಿಡಿಸುತ್ತದೆ. ಒಂದು ಕಡೆ ತಿರುಗಿಸಿದಾಗ ಅದರ ಮುಂಭುಜ ಬಂಪರ್ ಮೂಲೆಗೆ ನುಗ್ಗುತ್ತದೆ, ಇನ್ನೊಂದು ಕಡೆ ತಿರುಗಿಸಿದಾಗ ಹಿಂಭುಜ ಲೈನರ್‌ನ ಹಿಂಭಾಗಕ್ಕೆ.

ದೊಡ್ಡ ಟೈರ್ ಹಾಕುವ ಎಸ್‌ಯುವಿ, ಜೀಪುಗಳಲ್ಲಿ ಈ ತಪ್ಪು ಎದ್ದು ಕಾಣುತ್ತದೆ. ಟೈರ್ ಎತ್ತರವಾಗಿದೆ, ಒಳಗೆ ತಾಗಬಾರದು ಎಂದು ನೆಗೆಟಿವ್ ಆಫ್‌ಸೆಟ್ ರಿಮ್ ತರುತ್ತಾರೆ. ಮೂಲ ಆಫ್‌ಸೆಟ್ ಹತ್ತಿರವೇ ಇಟ್ಟಿದ್ದರೆ ಬರಿಯ ಲೈನರ್ ಸವರುತ್ತಿದ್ದ ಟೈರ್ ಈಗ ಬಾಡಿಯ ಲೋಹಕ್ಕೇ ಬಡಿಯುತ್ತದೆ. ಸ್ಟ್ರಟ್‌ಗೆ ಬೇಕಾದಷ್ಟು ಮಾತ್ರ ಹೊರಕ್ಕೆ ತನ್ನಿ, ಅದಕ್ಕಿಂತ ಒಂದು ಮಿ.ಮೀ. ಕೂಡ ಬೇಡ. ಸ್ಟೇರಿಂಗ್ ತಿರುಗುವ ಮಿತಿಯನ್ನೇ ತುಸು ಕಡಿಮೆ ಮಾಡುವ ದಾರಿಯೂ ಇದೆ, ಆದರೆ ಆಮೇಲೆ ಪಾರ್ಕಿಂಗ್ ಮಾಡುವಾಗ ಬೈದುಕೊಳ್ಳುತ್ತೀರಿ.

ಗಾಡಿ ಇಳಿಸಿದ್ರೆ ಜಾಸ್ತಿ ಉಜ್ಜುತ್ತಾ?

ಬಂಪ್ ಸ್ಟಾಪ್ (ಸಸ್ಪೆನ್ಷನ್ ಕುಗ್ಗುವುದನ್ನು ಕೊನೆಯಲ್ಲಿ ತಡೆಯುವ ತುಂಡು) ಮುಟ್ಟದೆ ಸ್ಪ್ರಿಂಗ್ ಮಾತ್ರ ಬದಲಿಸಿದ್ದರೆ ಚಕ್ರ ಮೇಲೆ ಹೋಗುವ ಕೊನೆಯ ಮಿತಿ ಮೊದಲಿನಷ್ಟೇ. ಹಿಂದೆ ದೊಡ್ಡ ಗುಂಡಿಯಲ್ಲಿ ಮಾತ್ರ ಅಲ್ಲಿಗೆ ತಲುಪುತ್ತಿತ್ತು, ಈಗ ಸಣ್ಣ ಹಂಪ್‌ನಲ್ಲೂ ತಲುಪುತ್ತದೆ. ಅಂದರೆ ಇಳಿಸಿದ ಮೇಲೆ ಉಜ್ಜಿದರೆ, ಇಳಿಸುವ ಮೊದಲೂ ಪೂರ್ತಿ ಲೋಡ್‌ನಲ್ಲಿ ಉಜ್ಜಬೇಕಾಗಿದ್ದ ಜೋಡಣೆ ಅದು. ಬಂಪ್ ಸ್ಟಾಪ್ ಕತ್ತರಿಸಿದರೆ ಮಿತಿಯೇ ಮೇಲೆ ಹೋಗುತ್ತದೆ, ಆಗ ನಿಮ್ಮ ಲೆಕ್ಕವೆಲ್ಲ ಕೆಡುತ್ತದೆ. ತದ್ವಿರುದ್ಧವಾಗಿ, ಬಂಪ್ ಸ್ಟಾಪ್‌ಗೆ ಪ್ಯಾಕರ್ ಸೇರಿಸಿ ಚಕ್ರ ತುಸು ಮೊದಲೇ ನಿಲ್ಲುವಂತೆ ಮಾಡಬಹುದು. ಮಡ್‌ಗಾರ್ಡ್ ಅಂಚಿಗೆ ಕೂದಲೆಳೆಯಲ್ಲಿ ತಾಗುವ ಕಾರಿಗೆ ಇದು ಅಗ್ಗದ ಉಪಾಯ. ಸವಾರಿ ಸ್ವಲ್ಪ ಗಡುಸಾಗುತ್ತದೆ.

ನೆಗೆಟಿವ್ ಕ್ಯಾಂಬರ್ ಕೊಟ್ಟು ಗ್ಯಾಪ್ ಮಾಡಬಹುದು ಅಂತಾರೆ. ಎಷ್ಟು ಸಿಗುತ್ತೆ?

632 ಮಿ.ಮೀ. ವ್ಯಾಸದ ಟೈರ್‌ಗೆ 1 ಡಿಗ್ರಿ ಕ್ಯಾಂಬರ್ ಕೊಟ್ಟರೆ ಚಕ್ರದ ನಡುವಿಗೆ ಹೋಲಿಸಿ ತಲೆ ಸುಮಾರು 5.5 ಮಿ.ಮೀ. ಒಳಕ್ಕೆ ಬರುತ್ತದೆ. ಮಡ್‌ಗಾರ್ಡ್ ಹತ್ತಿರ ಇದು ಉಪಯೋಗಕ್ಕೆ ಬರುತ್ತದೆ. ಆದರೆ ಸ್ಟ್ರಟ್‌ನ ಕೆಳಗಿನ ಬೋಲ್ಟ್ ಹತ್ತಿರ ಸರಿಸಿ ಕ್ಯಾಂಬರ್ ಕೊಟ್ಟರೆ ಟೈರ್ ಸ್ಟ್ರಟ್ ಕಡೆಗೇ ವಾಲುತ್ತದೆ, ಒಳಗಿನ ಗ್ಯಾಪ್ ಕಡಿಮೆಯಾಗುತ್ತದೆ. ಮೇಲಿನ ಮೌಂಟ್‌ನಲ್ಲಿ ಸರಿಸಿದರೆ ಸ್ಟ್ರಟ್ಟೂ ಜೊತೆಗೆ ವಾಲುವುದರಿಂದ ಆ ಗ್ಯಾಪ್ ಹಾಗೇ ಇರುತ್ತದೆ. ಟೈರಿನ ಒಳ ಅಂಚು ಬೇಗ ಸವೆಯುವುದು ಇದರ ಬೆಲೆ.

ಆಫ್‌ಸೆಟ್ ಬದಲಿಸಿದ್ರೆ ಓಡಿಸುವಾಗ ಗೊತ್ತಾಗುತ್ತಾ?

5 ಮಿ.ಮೀ. ಬದಲಾದರೆ ಬಹಳ ಜನರಿಗೆ ಗೊತ್ತಾಗುವುದಿಲ್ಲ. 20 ಮಿ.ಮೀ. ಹೊರಕ್ಕೆ ತಂದರೆ ಗೊತ್ತಾಗುತ್ತದೆ. ಟೈರ್ ನೆಲಕ್ಕೆ ತಾಗುವ ಜಾಗ ಸ್ಟೇರಿಂಗ್ ಅಕ್ಷದಿಂದ ದೂರ ಸರಿಯುವುದರಿಂದ ಒಂದು ಚಕ್ರ ಗುಂಡಿಗೆ ಬಿದ್ದಾಗ ಸ್ಟೇರಿಂಗ್ ಕೈಯಲ್ಲಿ ಜಗ್ಗುತ್ತದೆ. ಒಂದು ಚಕ್ರ ಮಣ್ಣಿನಲ್ಲಿ, ಇನ್ನೊಂದು ಡಾಂಬರಿನ ಮೇಲೆ ಇರುವಾಗ ಬ್ರೇಕ್ ಹಾಕಿದರೆ ಎಳೆತ ಹೆಚ್ಚುತ್ತದೆ. ವೀಲ್ ಬೇರಿಂಗ್ ಮೇಲೂ ಹೊರೆ ಜಾಸ್ತಿ. ಹಲವು ದೇಶಗಳಲ್ಲಿ ಟೈರ್ ಮಡ್‌ಗಾರ್ಡ್ ದಾಟಿ ಹೊರಗೆ ಬರಬಾರದು ಎಂಬ ನಿಯಮವೂ ಇದೆ.

ಬ್ರೇಕ್ ಕ್ಯಾಲಿಪರ್‌ಗೆ ತಾಗುತ್ತಾ ಅನ್ನೋದನ್ನ ಆಫ್‌ಸೆಟ್ ನೋಡಿ ಹೇಳಬಹುದಾ?

ಹೇಳಲು ಆಗದು. ಅದನ್ನು ನಿರ್ಧರಿಸುವುದು ರಿಮ್ಮಿನ ಕಡ್ಡಿಗಳ (ಸ್ಪೋಕ್) ಬಾಗು. ಒಂದೇ ಅಗಲ, ಒಂದೇ ಆಫ್‌ಸೆಟ್‌ನ ಎರಡು ರಿಮ್‌ಗಳಲ್ಲಿ ಒಂದರ ಕಡ್ಡಿ ಹೊರಕ್ಕೆ ಉಬ್ಬಿ ಕ್ಯಾಲಿಪರ್‌ಗೆ ಜಾಗ ಬಿಡುತ್ತದೆ, ಇನ್ನೊಂದರದು ಚಪ್ಪಟೆಯಾಗಿ ಬಂದು ತಾಗುತ್ತದೆ. ರಿಮ್ ತಯಾರಕರು ಬ್ರೇಕ್ ಗ್ಯಾಪ್‌ನ ನಕ್ಷೆ ಕೊಡುತ್ತಿದ್ದರೆ ರಟ್ಟಿನಲ್ಲಿ ಕತ್ತರಿಸಿ ಕ್ಯಾಲಿಪರ್ ಮೇಲೆ ಹಿಡಿದು ನೋಡಿ. ಹೊಸ ಬ್ರೇಕ್ ಪ್ಯಾಡ್ ಹಾಕಿದಾಗ ತೇಲುವ ಕ್ಯಾಲಿಪರ್ ಸವೆದ ಪ್ಯಾಡ್ ಇದ್ದಾಗಿಗಿಂತ ತುಸು ಹೊರಗೆ ಕೂರುತ್ತದೆ, ಅದಕ್ಕೂ ಒಂದೆರಡು ಮಿ.ಮೀ. ಬಿಡಿ.

ಮುಂದೆ ಒಂದು ಆಫ್‌ಸೆಟ್, ಹಿಂದೆ ಒಂದು ಹಾಕಬಹುದಾ?

ಹಾಕಬಹುದು. ಕಾರ್ಖಾನೆಯಿಂದಲೇ ಹಾಗೆ ಬರುವ ಕಾರುಗಳಿವೆ. ಆಮೇಲೆ ಚಕ್ರಗಳನ್ನು ಹಿಂದುಮುಂದು ಅದಲುಬದಲು ಮಾಡಲು ಆಗುವುದಿಲ್ಲ. ನಾಲ್ಕೂ ಚಕ್ರಕ್ಕೆ ಚಾಲನೆ ಇರುವ ಗಾಡಿಯಾದರೆ ಟೈರುಗಳ ವ್ಯಾಸ ಮಾತ್ರ ಒಂದೇ ಇರಲಿ, ಇಲ್ಲದಿದ್ದರೆ ನಡುವಿನ ಡಿಫರೆನ್ಷಿಯಲ್ ಅಥವಾ ಕ್ಲಚ್ ನರಳುತ್ತದೆ.

ಲೆಕ್ಕ ಎಲ್ಲಾ ಸರಿಯಾಗಿದೆ. ಆದ್ರೂ ದುಡ್ಡು ಕೊಡೋಕೆ ಭಯ. ಏನ್ಮಾಡ್ಲಿ?

ಟೈರ್ ಏರಿಸುವ ಮೊದಲು ಖಾಲಿ ರಿಮ್ಮನ್ನೇ ಹಬ್‌ಗೆ ಹಾಕಿ ನೋಡುತ್ತೇನೆ ಎಂದು ಮೊದಲೇ ಮಾತಾಡಿಕೊಳ್ಳಿ. ಒಮ್ಮೆ ಟೈರ್ ಏರಿಸಿದ ರಿಮ್ಮನ್ನು ಅಂಗಡಿಯವರು ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ. ಕೈಯಲ್ಲಿ ನಟ್ ಬಿಗಿದು ರಿಮ್ ತಿರುಗಿಸಿ, ಕ್ಯಾಲಿಪರ್‌ಗೆ ತಾಗದೆ ಸಲೀಸಾಗಿ ಸುತ್ತಬೇಕು. ರಿಮ್ಮಿನ ಒಳ ಅಂಚಿನಿಂದ ಸ್ಟ್ರಟ್‌ಗೆ ಎಷ್ಟಿದೆ ಅಳೆಯಿರಿ. ಟೈರ್ ಆ ಅಂಚಿಗಿಂತ ಎಷ್ಟು ಉಬ್ಬುತ್ತದೆ ಎಂದು ತಿಳಿಯಲು ಟೈರಿನ ಅಗಲದಿಂದ ರಿಮ್ಮಿನ ಹೊರ ಅಗಲ ಕಳೆದು ಅರ್ಧ ಮಾಡಿ. 7.5ಜೆ ರಿಮ್ಮಿನ ಹೊರ ಅಗಲ ಸುಮಾರು 216, ಟೈರ್ 225, ಅಂದರೆ ಪ್ರತಿ ಪಕ್ಕ 4.5 ಮಿ.ಮೀ. ಅಳೆದ ಗ್ಯಾಪ್‌ನಿಂದ ಅದನ್ನು ಕಳೆದ ಮೇಲೆ 5 ಮಿ.ಮೀ. ಉಳಿದರೆ ಒಂದೇ ಒಂದು ಚಕ್ರಕ್ಕೆ ಟೈರ್ ಏರಿಸಿ, ಮುಂದೆ ಹಾಕಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಆಮೇಲೆ ಅದನ್ನೇ ಹಿಂದೆ ಹಾಕಿ, ಹಿಂದಿನ ಸೀಟು ತುಂಬಿಸಿ ನೋಡಿ. ಉಳಿದ ಮೂರಕ್ಕೆ ಟೈರ್ ಏರಿಸುವುದು ಅದಾದ ಮೇಲೆ.